ಎದೆಯ ಮೇಲಿಟ್ಟ ಕೈ

ಮೀನುಕೊಳದ ಆಚೆ ದಡದಲ್ಲಿ ನಿಂತು ಎಂಕೋಸ್ ಗದ್ದ ಎತ್ತಿ ಕೇಳುತ್ತಿದ್ದ. ಈಚೆ ದಡದಲ್ಲಿ ನಿಂತು ಒಮೊನ್ ಬೆರಳೆತ್ತಿ ಹೇಳುತ್ತಿದ್ದ. ಎರಡು ವರ್ಷದಿಂದ ಇಬ್ಬರ ಬೆಳಗೂ ಹೀಗೇ ಶುರುವಾಗುತ್ತಿತ್ತು.

ಎಂಕೋಸ್‌ಗೆ ಎಪ್ಪತ್ತು ದಾಟಿ ಕಿವಿ ಹೋಗಿತ್ತು. ಪೂರ್ತಿ ಹೋಗಿರಲಿಲ್ಲ, ಕಿವಿಗೆ ಬಾಯಿ ಹಚ್ಚಿ ಕಿರುಚಿದರೆ ಕೇಳುತ್ತಿತ್ತು. ಆದರೆ ಅವನ ಕರಿ ಹುಂಜ ಹಿದೆಂಗ್ ಕೂಗಿದ್ದು ಮಾತ್ರ ಕೇಳುತ್ತಿರಲಿಲ್ಲ. ಪೆಲುಂಗ್ ಜಾತಿಯ ಹುಂಜ ಸಾಕಿದವನಿಗೆ ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ. ಆ ಜಾತಿಯನ್ನು ಯಾರೂ ಕಾಳಗಕ್ಕೆ ಸಾಕುವುದಿಲ್ಲ, ಬಾಣಲೆಗೂ ಸಾಕುವುದಿಲ್ಲ. ಸಾಕುವುದು ಕೂಗಿಗೆ. ಎತ್ತುವಾಗ ಮಸೀದಿಯ ನಗಾರಿಯ ಹಾಗೆ ದಪ್ಪಗೆ ಏಳಬೇಕು, ನಡುವೆ ಅಲೆಯಬೇಕು, ಕೊನೆಯಲ್ಲಿ ಹುಂಜ ಕತ್ತನ್ನು ಮೆಲ್ಲಗೆ ಕಾಲಿನ ತನಕ ಬಗ್ಗಿಸುವಾಗ ದನಿಯೂ ಅದರ ಜೊತೆಗೇ ಎಳೆ ಕಡಿಯದೆ ಇಳಿಯಬೇಕು. ಹಿದೆಂಗ್ ಇಳಿಸುತ್ತಿದ್ದ ಎಳೆ ಆ ಇಡೀ ಕಣಿವೆಯಲ್ಲಿ ಬೇರೆ ಯಾವ ಹುಂಜಕ್ಕೂ ಇರಲಿಲ್ಲ.

ಎತ್ತರದ ಪಂಜರದೊಳಗೆ ಹುಂಜ ಕತ್ತು ಚಾಚಿದ್ದು, ಬಗ್ಗಿಸಿದ್ದು ಎಂಕೋಸ್‌ಗೆ ಕಾಣುತ್ತಿತ್ತು. ಕಂಡಕೂಡಲೇ ಕೊಳದಾಚೆಯಿಂದ ಗದ್ದ ಎತ್ತುತ್ತಿದ್ದ: ಹೇಗಿತ್ತು? ಒಮೊನ್ ನಾಲ್ಕು ಬೆರಳು ತೋರಿಸಿದರೆ ಚೆನ್ನಾಗಿತ್ತು. ಐದು ತೋರಿಸಿದರೆ ಕೊನೆಯ ಎಳೆ ನೀರಿನ ಮೇಲೆ ಹರಿದು ಈ ದಡ ಮುಟ್ಟಿತು. ಹೆಚ್ಚಿನ ದಿನ ಐದೇ. ಆಗ ಮುದುಕ ಬಲಗೈಯನ್ನು ಎದೆಗೆ ತಂದಿಟ್ಟುಕೊಂಡು ತಲೆಯಾಡಿಸುತ್ತಿದ್ದ. ಕೈ ಕುಲುಕಿದ ಮೇಲೆ, ಉಪಕಾರ ಪಡೆದ ಮೇಲೆ ಎದೆ ಮುಟ್ಟಿಕೊಳ್ಳುವುದು ಎಲ್ಲರ ರೂಢಿ. ಆದರೆ ಎಂಕೋಸ್ ಅದನ್ನು ಅವಸರದಲ್ಲಿ ಮುಗಿಸುತ್ತಿರಲಿಲ್ಲ.

ಒಮೊನ್‌ಗೂ ಒಂದು ಹುಂಜವಿತ್ತು. ಹಳದಿ ಕತ್ತಿನದು, ಹೆಸರೂ ಅದೇ, ಕೊನೆಂಗ್. ಮರಿಯಾಗಿದ್ದಾಗ ಅದರ ತಾಯಿಯನ್ನು ಉಡ ಹೊತ್ತುಕೊಂಡು ಹೋಗಿತ್ತು. ಒಮೊನ್ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಒಲೆಯ ಮುಂದೆ ಕೂತು, ಜೋಳವನ್ನು ತಾನೇ ಅಗಿದು ತಿನ್ನಿಸಿ ಉಳಿಸಿಕೊಂಡಿದ್ದ. ಈಗ ಅದು ಅವನ ತೊಡೆಯೆತ್ತರ ನಿಲ್ಲುತ್ತಿತ್ತು. ಗದ್ದೆಗೆ ಹೊರಟರೆ ಬದುವಿನ ಮೇಲೆ ಹಿಂದಿಂದೆ ಬರುತ್ತಿತ್ತು. ಬೈಕಿನ ಟ್ಯಾಂಕಿನ ಮೇಲೆ ಕೂತು ಅಂಗಡಿ ಬೀದಿಗೂ ಹೋಗಿ ಬಂದಿತ್ತು. ವಾರಕ್ಕೆ ಎರಡು ಸಲ ಬಿಸಿನೀರ ಸ್ನಾನ, ಎಳೆಬಿಸಿಲಲ್ಲಿ ಗರಿ ಆರಿಸುವುದು, ಮೊಟ್ಟೆಯ ಹಳದಿಗೆ ಜೇನು ಕಲಸಿ ಗಂಟಲಿಗೆ.

"ಮೂರು ಮಕ್ಕಳು ಹೆತ್ತುಕೊಟ್ಟೆ," ಎನ್ನುತ್ತಿದ್ದಳು ಹೆಂಡತಿ ಇಕಾ, ಮಕ್ಕಳು ಅಪ್ಪನನ್ನು ಕರೆಯುವ ಹಾಗೆಯೇ ಅವನನ್ನು ಕರೆಯುತ್ತ. "ಒಂದಕ್ಕಾದ್ರೂ ಒಂದಿನ ನೀರು ಕಾಯ್ಸಿದ್ರಾ ಅಬಾಹ್?"

"ಅವು ಕೂಗ್ತಿದ್ವಾ?"

"ಕೂಗ್ದೆ? ರಾತ್ರಿಯೆಲ್ಲಾ ಕೂಗ್ತಿದ್ವು. ನಿಮಗೆ ಆಗ ಕಿವಿ ಇರ್ಲಿಲ್ಲ, ಅಷ್ಟೆ."

ಅವಳಿಗೆ ಗೊಣಗಲು ಕಾರಣಗಳೂ ಇದ್ದವು. ಕೊನೆಂಗ್ ಸಸಿಮಡಿಯನ್ನು ಎರಡು ಸಲ ಕೆದರಿ ಹಾಳು ಮಾಡಿತ್ತು. ಒಗೆದು ಹರವಿದ ನಮಾಜಿನ ಚಾಪೆಯ ಮೇಲೆ ಹಿಕ್ಕೆ ಹಾಕಿತ್ತು. ಮಸೀದಿಯ ಹಿರಿಯ ಹಾಜಿ ಸೋಬುರ್ ಬಂದಾಗ ಲುಂಗಿಯ ಕೆಳಗಿನ ಮೀನಖಂಡವನ್ನೇ ಹುಡುಕಿ ಕುಕ್ಕಿತ್ತು. ಇವೆಲ್ಲ ಒಮೊನ್‌ಗೆ ಹೇಳಿಕೊಂಡು ನಗುವ ಸಂಗತಿಗಳಾಗಿದ್ದವು. ಅವನಿಗೆ ನುಂಗಲಾಗದಿದ್ದದ್ದು ಒಂದೇ: ಕೊನೆಂಗ್‌ನ ಕೂಗು ಚೆನ್ನಾಗಿ ಏಳುತ್ತಿತ್ತು, ನಡುವೆಯೂ ಪರವಾಗಿಲ್ಲ, ಆದರೆ ಕೊನೆ ಇರಲಿಲ್ಲ. ಬಾವಿಯಿಂದ ಸೇದುವಾಗ ಹಗ್ಗ ಹರಿದು ಕೊಡ ಬಿದ್ದ ಹಾಗೆ ಥಟ್ಟನೆ ನಿಂತುಬಿಡುತ್ತಿತ್ತು. ಹನ್ನೊಂದು ವರ್ಷದಿಂದ ಒಮೊನ್ ಒಂದಾದ ಮೇಲೊಂದು ಹುಂಜ ಸಾಕಿ ಪಂದ್ಯಕ್ಕೆ ಒಯ್ಯುತ್ತಿದ್ದ. ಒಂದೂ ಗೆದ್ದಿರಲಿಲ್ಲ. ಎಂಕೋಸ್‌ನ ಗೋಡೆಬೀರಿನಲ್ಲಿ ಪಂದ್ಯ ಗೆದ್ದ ಐದು ಕಪ್ಪುಗಳಿದ್ದವು.

ಆ ವರ್ಷ ಕೊಯ್ಲು ಮುಗಿದ ಮೇಲೆ ಪಂದ್ಯ. ಮೈದಾನದಲ್ಲಿ ಸಾಲಾಗಿ ನೆಟ್ಟ, ನಂಬರು ಬರೆದ ಅಡ್ಡೆಗಳ ಮೇಲೆ ಹುಂಜಗಳನ್ನು ನಿಲ್ಲಿಸಿದ್ದರು. ಹಿದೆಂಗ್ ಹನ್ನೆರಡು, ಕೊನೆಂಗ್ ಹದಿಮೂರು. ಒಡೆಯರು ಮೂರು ಮಾರು ಹಿಂದೆ ನಿಲ್ಲಬೇಕು, ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ. ಮೈಕಿನ ಗಲಾಟೆ, ಕರಿದ ತಿಂಡಿಯ ಹೊಗೆ, ಆ ಕಡೆ ಈ ಕಡೆ ನಲವತ್ತು ಹುಂಜಗಳ ಕೂಗು. ತೀರ್ಪುಗಾರ ಹದಿಮೂರರ ಮುಂದೆ ಬಂದು ನಿಂತ. ಅವನ ಅಭ್ಯಾಸ ಕಣ್ಣು ಮುಚ್ಚಿ ಕೇಳುವುದು.

ಆಗ ಎರಡೂ ಹುಂಜಗಳು ಒಟ್ಟಿಗೆ ಕತ್ತು ಚಾಚಿದವು. ಒಟ್ಟಿಗೆ ಕೂಗೆತ್ತಿದವು. ಕೊನೆಂಗ್‌ನದು ಎಂದಿನಂತೆ ಅರ್ಧಕ್ಕೆ ಕಡಿಯಿತು. ಹಿದೆಂಗ್‌ನದು ಮುಂದುವರಿಯಿತು, ಅಲೆಯಿತು, ಇಳಿಯಿತು, ಇಳಿಯುತ್ತಲೇ ಹೋಯಿತು. ತೀರ್ಪುಗಾರ ಕಣ್ಣು ತೆರೆದಾಗ ಕೊನೆಂಗ್ ಇನ್ನೂ ತಲೆ ಬಗ್ಗಿಸಿಯೇ ಇತ್ತು. ಅವನು ಕಾಗದದ ಮೇಲೆ ಏನೋ ಗೀಚಿ, ಹದಿಮೂರರ ಅಡ್ಡೆಯ ಬುಡಕ್ಕೆ ಅತ್ಯುತ್ತಮ ಕೂಗಿನ ಕೆಂಪು ಬಾವುಟ ನೆಟ್ಟು ಮುಂದಕ್ಕೆ ಹೋದ.

ದೂರದಲ್ಲಿದ್ದವರಿಗೆ ಯಾವ ದನಿ ಯಾವುದರದ್ದು ಎಂದು ಗೊತ್ತಾಗುವಂತಿರಲಿಲ್ಲ. ಕಣ್ಣು ತೆರೆದು ಹತ್ತಿರ ನಿಂತಿದ್ದವರು ಇಬ್ಬರೇ, ಅವರಲ್ಲಿ ಒಬ್ಬನಿಗೆ ಕಿವಿಯಿಲ್ಲ.

ಎಂಕೋಸ್ ಬಾವುಟ ನೋಡಿದ. ತನ್ನ ಹುಂಜ ತಲೆ ಬಗ್ಗಿಸಿದ್ದನ್ನೂ ಅವನು ನೋಡಿದ್ದ. ಒಮೊನ್‌ನ ಕಡೆ ತಿರುಗಿ ಗದ್ದ ಎತ್ತಿದ. ಮಾತಾಡುವಂತಿಲ್ಲವಲ್ಲ, ಬೆರಳನ್ನು ಕರಿಯದರ ಕಡೆ ತೋರಿಸಿದ, ಹಳದಿಯದರ ಕಡೆ ತೋರಿಸಿದ. ಯಾವುದು? ನಂದಾ, ನಿಂದಾ?

ಒಮೊನ್‌ನ ಕೈ ಎದ್ದಿತು. ಕರಿ ಹುಂಜದತ್ತ ಹೋಗಬೇಕಾಗಿದ್ದ ಕೈ ಅವನ ಎದೆಯ ಮೇಲೆ ಬಂದು ಕೂತಿತು.

ಮುದುಕ ಒಂದು ಗಳಿಗೆ ಆ ಕೈಯನ್ನೇ ನೋಡಿದ. ಆಮೇಲೆ ಅವನ ಮುಖ ಅರಳಿತು. ಪಂದ್ಯ ಮುಗಿದದ್ದೇ ಬಂದು ಒಮೊನ್‌ನ ಎರಡೂ ಕೈ ಹಿಡಿದು ಕುಲುಕಿದ. "ಹನ್ನೊಂದು ವರ್ಷ ಕಣೋ!" ಎಂದು ಕಿವುಡರು ಮಾತಾಡುವ ಹಾಗೆ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದ. "ಕೊನೆಗೂ ಆಯ್ತಲ್ಲೋ ಒಮೊನ್!"

ಬೈಕಿನ ಮೇಲೆ ಹುಂಜವನ್ನೂ ಕಪ್ಪನ್ನೂ ಹೊತ್ತು ಮನೆಗೆ ಬರುವಾಗ ಒಮೊನ್ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡ. ನಾನೇನೂ ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ. ಕೈ ಎದೆಗೆ ಹೋಯಿತು, ಅಷ್ಟೆ. ದಿನಕ್ಕೆ ಹತ್ತು ಸಲ ಹೋಗುತ್ತದೆ. ಹಿರಿಯರಿಗೆ ಮರ್ಯಾದೆ ಅಂತ ಇಟ್ಟುಕೊಂಡೆ. ಅವರು ಬೇರೆ ಅರ್ಥ ಮಾಡಿಕೊಂಡರೆ ಅದು ನನ್ನ ತಪ್ಪೇ? ಈ ಲೆಕ್ಕ ಸೇತುವೆಯವರೆಗೆ ಚೆನ್ನಾಗಿತ್ತು. ಮನೆಯ ಅಂಗಳಕ್ಕೆ ಬರುವ ಹೊತ್ತಿಗೆ ಕೆಟ್ಟಿತ್ತು.

ಇಕಾ ಕಪ್ಪನ್ನು ನೋಡಿದಳು, ಹುಂಜವನ್ನು ನೋಡಿದಳು. "ಇದಾ?" ಎಂದಳು. "ಈ ಕೊನೆಂಗಾ?"

"ಯಾಕೆ, ಇದು ಗೆಲ್ಲಬಾರ್ದಾ?"

"ಗೆಲ್ಲಬಾರ್ದು ಅಂತ ನಾನೆಲ್ಲಿ ಅಂದೆ? ಕೂಗಿದ್ದು ಇದೇನಾ ಅಂದೆ."

"ಕೋಳಿಗೂ ಒಂದು ದಿನ ಬರುತ್ತೆ ಕಣೇ."

ಅವಳು ಒಳಗೆ ಹೋದಳು. ಮಾರನೆಯ ಬೆಳಗ್ಗೆ ಕೊನೆಂಗ್ ಪಂಜರದಲ್ಲಿ ಕೂಗಿತು. ಏರಿತು, ಅಲೆಯಿತು, ಥಟ್ಟನೆ ನಿಂತಿತು. ಇಕಾ ಕಾಫಿ ಬಗ್ಗಿಸುತ್ತಿದ್ದವಳು ಕೈ ತಡೆದು ಗಂಡನ ಮುಖ ನೋಡಿದಳು. ಅವನು ಲೋಟದೊಳಗೆ ನೋಡಿದ.

ಅವನು ಕೊಳದ ದಡಕ್ಕೆ ಹೋದಾಗ ಆಚೆ ಎತ್ತರದ ಪಂಜರ ಖಾಲಿಯಾಗಿತ್ತು. ಹುಂಜವನ್ನು ಎಂಕೋಸ್ ಕೆಳಗಿಳಿಸಿ ಹೇಂಟೆಗಳನ್ನು ಮುಚ್ಚುವ ಗಿಡ್ಡ ಮಂಕರಿಯ ಕೆಳಗೆ ಹಾಕಿದ್ದ. ಅದರೊಳಗೆ ತಲೆಯೆತ್ತಲು ಜಾಗವಿಲ್ಲ. ಕತ್ತು ಚಾಚದ ಪೆಲುಂಗ್ ಕೂಗುವುದಿಲ್ಲ. ಸುಮ್ಮನೆ ಗಂಟಲಲ್ಲಿ ಗುರ್ರ್ ಎನ್ನುತ್ತದೆ.

ಮಧ್ಯಾಹ್ನ ಎಂಕೋಸ್ ತಾನೇ ಬದು ಸುತ್ತಿ ಬಂದ. ಜಗಲಿಯ ಮೇಲೆ ಕೂತು, ಬಾಳೆಹಣ್ಣು ಸುಲಿಯುತ್ತ ಹೇಳಿದ:

"ನಿನಗೆ ಬಯ್ಯಕ್ಕೆ ಬಂದೆ ಕಣೋ."

ಮುದುಕನಿಗೆ ಗೊತ್ತಾಗಿದೆ ಎಂದು ಒಮೊನ್‌ಗೆ ಭಯವಾಯಿತು. ಅದರ ಜೊತೆಗೇ ಒಂದು ಬಗೆಯ ಹಗುರವೂ ಆಯಿತು.

"ಎರಡು ವರ್ಷ ನನ್ನ ಮನಸ್ಸು ನೋಯಬಾರದು ಅಂತ ಐದು ಬೆರಳು ತೋರಿಸ್ದೆ, ಅಲ್ವಾ? ನಿನ್ನೆ ಗೊತ್ತಾಯ್ತು. ಪಕ್ಕಪಕ್ಕದಲ್ಲಿ ಇಟ್ಟಾಗ ನಿಂದಕ್ಕೆ ಬಾವುಟ ಬಿತ್ತು, ನಂದು ಬರೀ ಬಾಯಿ ತೆಗೆದು ಮುಚ್ಚಿತು. ಅದರ ದನಿ ಯಾವತ್ತೋ ಹೋಗಿದೆ. ನನ್ನ ಕಿವಿ ಹೋದ ಹಾಗೆ. ನೀನು ಮುದುಕನಿಗೆ ಹೇಳಲಾರದೆ ಹೋದೆ." ಅವನು ಹಣ್ಣಿನ ಅರ್ಧ ಮುರಿದು ಒಮೊನ್‌ಗೆ ಕೊಟ್ಟ. "ಒಳ್ಳೆಯವನು ಕಣೋ ನೀನು. ಆದ್ರೆ ಅಷ್ಟು ಒಳ್ಳೇತನ ಬೇಡ."

ಒಮೊನ್ ಬಾಯಿ ತೆರೆದ. ಈಗ ಹೇಳಬೇಕಾದರೆ ಮುದುಕನ ಕಿವಿಗೆ ಬಾಯಿಟ್ಟು ಕಿರುಚಬೇಕು. ರಸ್ತೆಗೆ ಕೇಳುತ್ತದೆ, ಅಡುಗೆಮನೆಗೆ ಕೇಳುತ್ತದೆ. ಪಿಸುಗುಟ್ಟಿ ಹೇಳುವಂತಿದ್ದರೆ ಹೇಳಿಬಿಡುತ್ತಿದ್ದೆ ಎಂದು ಅವನಿಗೆ ಅನ್ನಿಸಿತು. ಅವನು ಹಣ್ಣಿನ ಚೂರನ್ನು ಬಾಯಿಗೆ ಹಾಕಿಕೊಂಡ.

"ನಿನ್ನ ಕೊನೆಂಗ್‌ನ ಜೋಡಿ ಹೇಂಟೆಯ ಎರಡು ಮೊಟ್ಟೆ ಕೊಡು," ಎಂದ ಎಂಕೋಸ್ ಏಳುತ್ತ. "ನನ್ನ ಹೇಂಟೆ ಕಾವಿಗೆ ಕೂತಿದೆ. ಹೊಸ ತಳಿ ಶುರು ಮಾಡ್ತೀನಿ."

ಅಂದಿನಿಂದ ಒಮೊನ್‌ಗೆ ಕೊನೆಂಗ್‌ನ ಮುಖ ನೋಡುವುದೂ ಕಷ್ಟವಾಯಿತು. ಅದು ಎಂದಿನಂತೆ ಬದುವಿನ ಮೇಲೆ ಹಿಂದೆ ಬರುತ್ತಿತ್ತು, ಎಂದಿನಂತೆ ತೊಡೆಗೆ ತಲೆ ಒತ್ತುತ್ತಿತ್ತು. ಪಾಪದ ಪ್ರಾಣಿ, ತನ್ನ ದನಿಯನ್ನು ತಾನು ಎಂದೂ ಬಚ್ಚಿಟ್ಟಿರಲಿಲ್ಲ. ಬೇರೆಯವರದನ್ನು ತನ್ನದೆಂದೂ ಅಂದಿರಲಿಲ್ಲ. ಕೂಗುತ್ತದೆಂದು ಹೆದರಿ ಒಮೊನ್ ನಸುಕಿನಲ್ಲಿ ಎದ್ದು ಪಂಜರಕ್ಕೆ ಕಂಬಳಿ ಮುಚ್ಚತೊಡಗಿದ. ಅಂಗಿಯೊಳಗೆ ಇಟ್ಟು ಸಾಕಿದ ಜೀವವನ್ನು ನೋಡಿ ಈಗ ತಾನೇ ತಲೆತಪ್ಪಿಸಿಕೊಳ್ಳುತ್ತಿದ್ದ.

ಗೆದ್ದವನು ಊರಿಗೆ ಊಟ ಹಾಕಲೇಬೇಕು. ಒಮೊನ್ ಎರಡು ವಾರ ತಳ್ಳಿದ. ಮೇಲೂರಿನಲ್ಲಿ ಕರಿದ ತಿಂಡಿ ಮಾರುವ ಜುಹ್ರಿ ಬಿಡಲಿಲ್ಲ. "ಮಾಂಗ್ ಒಮೊನ್, ಏನ್ ಚಿಕ್ಕಪ್ಪ, ಕಪ್ಪಿನಲ್ಲೇ ಅನ್ನ ಬೇಯಿಸ್ತಿದ್ದೀರೋ ಹೇಗೆ? ಇನ್ನೂ ಬೆಂದಿಲ್ವಾ?" ಎಂದು ರಸ್ತೆಯಲ್ಲಿ ಕೇಳಿದ. ಒಬ್ಬ ಕೇಳಿದರೆ ಹತ್ತು ಜನ ನಗುತ್ತಾರೆ. ಊಟ ಶುಕ್ರವಾರಕ್ಕೆ ಗೊತ್ತಾಯಿತು.

ಆ ಬೆಳಗ್ಗೆ ಇಕಾ ತೆಂಗಿನಹಾಲು ಹಾಕಿ ಅನ್ನ ಇಟ್ಟಳು, ಒಣಮೀನು ಹುರಿದಳು, ಖಾರ ಅರೆದಳು. ಜಗಲಿಯ ಉದ್ದಕ್ಕೂ ಬಾಳೆಎಲೆ ಹಾಸಿದರು. ಮೇಲೂರಿನಿಂದ ಇಪ್ಪತ್ತು ಜನ ಗಂಡಸರು ಬಂದರು. ಹಾಜಿ ಸೋಬುರ್ ಲುಂಗಿಯನ್ನು ಪಾದದವರೆಗೆ ಇಳಿಸಿಕೊಂಡು, "ನಿನ್ನ ಗೆದ್ದ ಕೋಳಿ ಎಲ್ಲಿದೆಯಪ್ಪಾ? ಅದು ಒಳಗಿದ್ದರೆ ನಾನು ಹೊರಗಿರ್ತೀನಿ," ಎಂದ. ಎಲ್ಲರೂ ನಕ್ಕರು. ಕೊನೆಂಗ್‌ನ ಪಂಜರ ಕಂಬಳಿ ಹೊದ್ದು ಹಿತ್ತಲಿನ ಕಂಬದ ಮೇಲಿತ್ತು.

ಆಗ ಎಂಕೋಸ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕರಿ ಟೋಪಿ. ಅವನ ಕೈಯಲ್ಲಿ ಮಂಕರಿ, ಮಂಕರಿಯಲ್ಲಿ ಹಿದೆಂಗ್.

"ಇದನ್ನೂ ಒಲೆಗೆ ಹಾಕಿ," ಎಂದ. "ದನಿ ಹೋದ ಪೆಲುಂಗನ್ನ ಇನ್ನೊಬ್ಬರಿಗೆ ಕೊಡೋದು ಮೋಸ. ಊರ ಬಾಯಿಗಾದ್ರೂ ಆಗ್ಲಿ. ನನ್ನ ತಮ್ಮನ ಊಟಕ್ಕೆ ನನ್ನದೂ ಒಂದು ಪಾಲು."

ಒಮೊನ್ ಓಡಿಹೋಗಿ ಮಂಕರಿಗೆ ಅಡ್ಡ ಕೈ ಹಿಡಿದ. "ಬೇಡ ಕಾಂಗ್, ಬೇಡಣ್ಣಾ! ಊಟಕ್ಕೆ ಎಲ್ಲಾ ಆಗಿದೆ!" ಎಂದು ಅವನ ಕಿವಿಯಲ್ಲಿ ಕಿರುಚಿದ.

"ಏನು?"

"ಬೇಡ ಅಂದೆ! ಹಳೇ ಹುಂಜ, ಮಾಂಸ ಬೇಯಲ್ಲ!"

"ಬೇಯುತ್ತೆ ಬಿಡು. ಪಪ್ಪಾಯಿ ಎಲೆ ಹಾಕಿ ಬೇಯ್ಸು."

"ತಗೊಳ್ಳಿ ಮಾಂಗ್," ಎಂದ ಜುಹ್ರಿ. "ಹಿರಿಯರು ತಂದಿದ್ದನ್ನ ಬೇಡ ಅಂತಾರಾ? ಇಲ್ಲಾ ಗೆದ್ದವರಿಗೆ ಸೋತ ಕೋಳಿ ಗಂಟಲಲ್ಲಿ ಇಳಿಯಲ್ವಾ?"

ಮತ್ತೆ ನಗು. ಒಮೊನ್ ಕೈ ಹಿಂದೆಗೆದ. ಜುಹ್ರಿ ಮಂಕರಿ ಎತ್ತಿಕೊಂಡು ಹಿತ್ತಲಿಗೆ ನಡೆದ. ಹಾಜಿ ಸೋಬುರ್ ಅಂಗಿಯ ತೋಳು ಮಡಚಿ ಚೂರಿಗೆ ಕೈಚಾಚಿದ. ಬಾಳೆಗಿಡಗಳ ಬುಡದಲ್ಲಿ ಜಾಗ ಮಾಡಿದರು. ಎಂಕೋಸ್ ಸ್ವಲ್ಪ ದೂರದಲ್ಲಿ, ಎರಡು ಕೈಯನ್ನೂ ಹೊಟ್ಟೆಯ ಮುಂದೆ ಕಟ್ಟಿಕೊಂಡು, ನಮಾಜಿಗೆ ನಿಂತವನಂತೆ ನಿಂತ. ಒಮೊನ್‌ಗೆ ಅಡುಗೆಮನೆಯ ಬಾಗಿಲಲ್ಲಿ ಇಕಾ ಕಂಡಳು. ಅವಳ ಕೈಯಲ್ಲಿ ಸೌಟಿತ್ತು, ಕಣ್ಣು ಅವನ ಮೇಲಿತ್ತು. ಈಗ, ಎಂದು ಅವನು ಅಂದುಕೊಂಡ. ಈಗ ಹೇಳದಿದ್ದರೆ ಇನ್ನಿಲ್ಲ. "ಕಾಂಗ್," ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ.

ಜುಹ್ರಿ ಮಂಕರಿ ಎತ್ತಿದ.

ಹಿದೆಂಗ್ ಎದ್ದು ನಿಂತಿತು. ಹದಿನೇಳು ದಿನ ಮುದುಡಿದ್ದ ಮೈ. ರೆಕ್ಕೆ ಕೊಡವಿತು. ತಲೆಯ ಮೇಲೆ ಆಕಾಶವಿದೆಯೆಂದು ತಿಳಿದು ಕತ್ತನ್ನು ಒಂದು ಸಲ ಎತ್ತಿ ನೋಡಿತು. ಹಾಜಿ ಸೋಬುರ್‌ನ ಕೈ ಅದರ ಕಾಲಿಗೆ ಹೋಗುವಷ್ಟರಲ್ಲಿ ಕೂಗಿಬಿಟ್ಟಿತು.

ದಪ್ಪಗೆ ಎದ್ದಿತು. ಅಲೆಯಿತು. ಮತ್ತೆ ಇಳಿಯತೊಡಗಿತು. ಹಿತ್ತಲು ದಾಟಿ, ಕೊಳ ದಾಟಿ, ಗದ್ದೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುವವನ ಹಾಗೆ ಇಳಿಯುತ್ತ ಹೋಗಿ, ಎಲ್ಲಿ ಮುಗಿಯಿತೆಂದು ಗೊತ್ತಾಗದ ಹಾಗೆ ಮುಗಿಯಿತು. ಮೈದಾನದಲ್ಲಿ ಆ ದಿನ ಗೆದ್ದ ಕೂಗನ್ನು ಕೇಳಿದ್ದ ಕಿವಿಗಳೂ ಅಲ್ಲಿದ್ದವು. ಆಗ ಕಂಬಳಿಯ ಒಳಗಿನಿಂದ ಕೊನೆಂಗ್ ಉತ್ತರ ಕೊಟ್ಟಿತು. ಏರಿತು, ಅಲೆಯಿತು, ಥಟ್ಟನೆ ನಿಂತಿತು.

ಹಾಜಿ ಸೋಬುರ್ ಚೂರಿಯನ್ನು ನಿಧಾನವಾಗಿ ನೆಲದ ಮೇಲಿಟ್ಟ. ಜುಹ್ರಿ ಮಂಕರಿಯನ್ನು ಹಿಡಿದುಕೊಂಡೇ ನಿಂತಿದ್ದ. ಇಪ್ಪತ್ತು ಜನ ಒಮೊನ್‌ನನ್ನು ನೋಡಲಿಲ್ಲ; ಬಾಳೆಗಿಡ ನೋಡಿದರು, ತಮ್ಮ ಕಾಲು ನೋಡಿದರು.

ಎಂಕೋಸ್‌ಗೆ ತನ್ನ ಹುಂಜ ಕತ್ತು ಬಗ್ಗಿಸಿದ್ದು ಕಂಡಿತ್ತು. ಜನರ ಮುಖವೂ ಕಂಡಿತು. ಅವನು ಸುತ್ತ ನೋಡಿ, ಕೊನೆಗೆ ಎಂದಿನಂತೆ ಒಮೊನ್‌ನ ಕಡೆ ತಿರುಗಿ ಗದ್ದ ಎತ್ತಿದ.

"ಏನಾಯ್ತೋ? ಹೇಗಿತ್ತು?"

ಒಮೊನ್ ಅವನ ಹತ್ತಿರ ಹೋದ. ಕಿವಿಗೆ ಬಾಯಿಟ್ಟ. "ಆವತ್ತು ಕೂಗಿದ್ದು ನಿಮ್ಮದು ಕಾಂಗ್," ಎಂದ.

"ಏನು?"

ಅಷ್ಟು ಮೆತ್ತಗಿನ ದನಿ ಆ ಕಿವಿಗೆ ಸಾಲದು. ಒಮೊನ್ ಉಸಿರೆಳೆದುಕೊಂಡ. "ಮೈದಾನದಲ್ಲಿ! ಬಾವುಟ ಬಿದ್ದಿದ್ದು ನಿಮ್ಮ ಹಿದೆಂಗ್‌ನ ಕೂಗಿಗೆ! ನಂದಲ್ಲ! ನನಗೆ ಗೊತ್ತಿತ್ತು! ಗೊತ್ತಿದ್ದೇ ನಂದು ಅಂದೆ!" ಗೊತ್ತಿದ್ದೇ ಎಂಬುದು ಹಿತ್ತಲಿನ ಬೇಲಿಗೆ ತಾಗಿ, ಕೊಳದ ಮೇಲೆ ಹೋಗಿ, ಆಚೆಯಿಂದ ಇನ್ನೊಮ್ಮೆ ಕೇಳಿಸಿತು.

ಎಂಕೋಸ್ ತನ್ನ ಹುಂಜವನ್ನು ನೋಡಿದ, ಒಮೊನ್‌ನ ಕೈ ನೋಡಿದ. ಬಯ್ಯುತ್ತಾನೆಂದು ಒಮೊನ್ ಕಾದ. ಹೊಡೆದರೂ ಆದೀತು ಎಂದುಕೊಂಡ.

"ಹಾಗಾದ್ರೆ ಆ ಐದು ಬೆರಳು?" ಎಂದ ಮುದುಕ. ಈ ಸಲ ಅವನ ದನಿ ಯಾಕೋ ದೊಡ್ಡದಾಗಿರಲಿಲ್ಲ.

"ಅದು ನಿಜ ಕಾಂಗ್! ಒಂದೊಂದು ದಿನದ್ದೂ ನಿಜ!"

"ಅದನ್ನ ಈಗ ನಾನು ಹೇಗೆ ತಿಳ್ಕೊಳ್ಲಿ?"

ಅದು ಸಿಟ್ಟಿನ ಮಾತಲ್ಲ. ದಾರಿ ತಪ್ಪಿದವನು ದಾರಿ ಕೇಳಿದ ಹಾಗಿತ್ತು. ಎಂಕೋಸ್ ಬಗ್ಗಿ ಹುಂಜವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಜುಹ್ರಿ ಚಾಚಿದ ಮಂಕರಿಯನ್ನು ಅವನು ತೆಗೆದುಕೊಳ್ಳಲಿಲ್ಲ. ಬದುವಿನ ಮೇಲೆ ಅವನು ಮೆಲ್ಲಗೆ ನಡೆದು ಹೋಗುವುದನ್ನು ಎಲ್ಲರೂ ನೋಡಿದರು.

"ಅನ್ನ ಬೆಂದಿದೆ," ಎಂದ ಹಾಜಿ ಸೋಬುರ್ ಕೊನೆಗೆ. "ಅನ್ನ ಏನು ತಪ್ಪು ಮಾಡಿದೆ? ಕೂತ್ಕೊಳ್ಳಿ."

ಕೂತರು. ಒಮೊನ್ ಬಗ್ಗಿ ಬಗ್ಗಿ ಬಡಿಸಿದ. ಸಾಕು ಎನ್ನುವುದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದರೇ ಹೊರತು ಯಾರೂ ಮಾತಾಡಲಿಲ್ಲ. ಜುಹ್ರಿಯಾದರೂ ಏನಾದರೂ ಕುಟುಕಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಜುಹ್ರಿ ಒಣಮೀನಿನ ಮುಳ್ಳನ್ನು ಬಹಳ ಎಚ್ಚರಿಕೆಯಿಂದ ಬಿಡಿಸುತ್ತಿದ್ದ.

ಸಂಜೆ ಒಮೊನ್ ಕಪ್ಪನ್ನು ಒಯ್ದು ಎಂಕೋಸ್‌ನ ಜಗಲಿಯ ಮೇಲಿಟ್ಟು ಬಂದ. ಬಾಗಿಲು ಮುಚ್ಚಿತ್ತು. ಮರುದಿನವೂ ಅದು ಅಲ್ಲೇ ಇತ್ತು. ಒಳಗೂ ಹೋಗಿರಲಿಲ್ಲ, ವಾಪಸ್ಸೂ ಬಂದಿರಲಿಲ್ಲ.

ಆ ಬೆಳಗ್ಗೆ ಅವನು ಕೊನೆಂಗ್‌ನ ಕಂಬಳಿ ತೆಗೆದು, "ನಿಂದೇನೂ ತಪ್ಪಿಲ್ಲ," ಎಂದು ಜೋಳ ಹಾಕಿ, ಕೊಳದ ದಡಕ್ಕೆ ಬಂದಾಗ ಆಚೆ ಎತ್ತರದ ಪಂಜರದೊಳಗೆ ಹಿದೆಂಗ್ ಮತ್ತೆ ಏರಿತ್ತು. ಅದರ ಕೆಳಗೆ ಎಂಕೋಸ್ ನಿಂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಎನೊಕ್, ತಲೆಗೆ ಬಟ್ಟೆ ಸುತ್ತಿಕೊಂಡು, ನಿದ್ದೆಗಣ್ಣಲ್ಲಿ. ಅವಳಿಗೆ ಹುಂಜದ ಕೂಗಿನ ಗಂಧಗಾಳಿ ಇರಲಿಲ್ಲ. ನಲವತ್ತು ವರ್ಷ ಅದನ್ನು ಗಲಾಟೆ ಎಂದೇ ಕರೆದವಳು.

ಹಿದೆಂಗ್ ಕತ್ತು ಚಾಚಿ ಕೂಗಿತು. ಎಳೆ ನೀರಿನ ಮೇಲೆ ಹರಿದು ಬಂದು ಒಮೊನ್‌ನ ಕಾಲಬುಡ ಮುಟ್ಟಿತು. ಇಷ್ಟು ಉದ್ದಕ್ಕೆ ಅದು ಎಂದೂ ಇಳಿದಿರಲಿಲ್ಲ.

ಎಂಕೋಸ್ ಗದ್ದ ಎತ್ತಿದ. ಹೆಂಡತಿಯ ಕಡೆಗೆ. ಅವಳು ಸ್ವಲ್ಪ ಯೋಚಿಸಿ ಮೂರು ಬೆರಳು ತೋರಿಸಿದಳು.

ಮುದುಕ ತಲೆಯಾಡಿಸಿದ. ಕೊಳದ ಈಚೆ ಒಮೊನ್‌ನ ಕೈ ತಾನಾಗಿಯೇ ಎದ್ದಿತ್ತು, ಐದು ಬೆರಳೂ ಬಿಚ್ಚಿದ್ದವು. ಎಂಕೋಸ್ ಈ ಕಡೆ ತಿರುಗುತ್ತಾನೇನೋ ಎಂದು ಅವನು ಕೈಯನ್ನು ಹಾಗೇ ಹಿಡಿದು ನಿಂತ. ಎಂಕೋಸ್ ಜೋಳದ ಡಬ್ಬಿ ತರಲು ಒಳಗೆ ಹೋದ. ತೋಳು ನೋಯುವ ತನಕ ನಿಂತು ಒಮೊನ್ ಕೈ ಇಳಿಸಿದ. ಇಳಿಸಿದ ಮೇಲೆ ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.